ಜೂಲಿಯೆಟ್‌ಗೆ ಇನ್ನೂ ಗೊತ್ತಿಲ್ಲ

ನಿನ್ನೆ ರಾತ್ರಿಯಿಂದ ಮನಸ್ಸಿಗೆ ಸಮಾಧಾನವಿಲ್ಲ.

ಅಕ್ಕನ ಮಗಳು ದ್ವಿತೀಯ ಪಿಯುಸಿ ಅಂತ ನಿಮಗೆ ಗೊತ್ತಲ್ವಾ. ಇಂಗ್ಲಿಷ್ ನೋಟ್ಸ್ ಉರು ಹೊಡೆಯುತ್ತಿದ್ದಳು. ಪಠ್ಯದಲ್ಲಿ ಶೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ ಇದೆ. ನಾಟಕವಾಗಿ ಅಲ್ಲ, ಪದ್ಯವಾಗಿ, ಎರಡು ತುಣುಕು. ಮೊದಲನೆಯದರಲ್ಲಿ ರೋಮಿಯೋ ಜೂಲಿಯೆಟ್‌ಳನ್ನು ಮೊದಲ ಸಲ ಕಂಡು ಬೆರಗಾಗುತ್ತಾನೆ. ಎರಡನೆಯದರಲ್ಲಿ ಜೂಲಿಯೆಟ್, ರಾತ್ರಿಯೇ ಬಾ, ನನ್ನ ರೋಮಿಯೋನನ್ನು ಕೊಡು ಅಂತ ಕರೆಯುತ್ತಾಳೆ. ನೋಟ್ಸಿನ ತುಂಬ ಉಪಮೆ, ರೂಪಕ. ಜೊತೆಗೆ ಡ್ರಮ್ಯಾಟಿಕ್ ಐರನಿಗೆ, ಅಂದರೆ ನೋಡುವವರಿಗೆ ಗೊತ್ತಿರೋದು ಪಾತ್ರಕ್ಕೆ ಗೊತ್ತಿಲ್ಲದಿರೋದಕ್ಕೆ, ಎರಡು ಸಾಲಿನ ವಿವರಣೆ.

"ಇದನ್ನು ಹೇಳುವ ಹೊತ್ತಿಗೆ ಏನಾಗಿದೆ ಗೊತ್ತೇನೇ?" ಅಂತ ಕೇಳಿದೆ.

"ಅದು ನಮಗಿಲ್ಲ ಚಿಕ್ಕಮ್ಮ."

ಅದೇ ಇಲ್ಲದಿದ್ದರೆ ಇನ್ನೇನಿದೆ? ಸ್ವಲ್ಪ ಮುಂಚೆಯಷ್ಟೇ, ಹಿಂದಿನ ದೃಶ್ಯದಲ್ಲಿ, ರೋಮಿಯೋ ಜೂಲಿಯೆಟ್‌ಳ ಸೋದರ ಸಂಬಂಧಿ ಟಿಬಾಲ್ಟ್‌ನನ್ನು ಕೊಂದಿದ್ದಾನೆ. ಗಡೀಪಾರಿನ ಶಿಕ್ಷೆಯೂ ಆಗಿದೆ. ಕೂತು ನೋಡುತ್ತಿರುವ ನಮಗೆಲ್ಲ ಗೊತ್ತು. ಮದುವೆಯಾಗಿ ಮೂರು ಗಂಟೆಯಾದ, ಇನ್ನೂ 14 ತುಂಬದ ಆ ಹುಡುಗಿಗೆ ಮಾತ್ರ ಗೊತ್ತಿಲ್ಲ. ಅವಳು ರಾತ್ರಿಯನ್ನು ಕರೆಯುತ್ತಲೇ ಇದ್ದಾಳೆ. ರೋಮಿಯೋ ಸತ್ತಾಗ ಅವನನ್ನು ಚಿಕ್ಕ ಚಿಕ್ಕ ನಕ್ಷತ್ರಗಳಾಗಿ ಕತ್ತರಿಸು ಅನ್ನುತ್ತಾಳೆ. ಆ ಸಾಲಿಗೆ ಎದೆ ಝಲ್ ಅನ್ನಬೇಕು. ನಾವು ಅಡಿಗೆರೆ ಎಳೆದು ರೂಪಕ ಅಂತ ಬರೆಸುತ್ತೇವೆ.

ಮೊದಲ ತುಣುಕಿಗೂ ಇದೇ ಗತಿ. ರೋಮಿಯೋ ಮಾತು ಮುಗಿಸುತ್ತಿದ್ದ ಹಾಗೆ, ಮುಂದಿನ ಸಾಲಿನಲ್ಲೇ, ಟಿಬಾಲ್ಟ್ ಅವನ ದನಿ ಕೇಳಿ, ಇವನು ನಮ್ಮ ಹಗೆಯ ಮನೆತನದವನು ಅಂತ ಗುರುತು ಹಿಡಿದು ಕತ್ತಿ ತಾ ಅನ್ನುತ್ತಾನೆ. ಪ್ರೀತಿ ಹುಟ್ಟಿದ ಕ್ಷಣಕ್ಕೇ ಕತ್ತಿಯೂ ಬಂತು. ಆ ಸಾಲನ್ನು ಬಿಟ್ಟರೆ ಉಳಿಯುವುದು ಸುಮ್ನೆ ಒಂದು ಹೊಗಳಿಕೆ.

ನಾನೂ ಹೀಗೇ ಪಾಠ ಮಾಡಿದವಳು. ಆರು ವರ್ಷ ಟ್ಯೂಷನ್ ಹೇಳಿದೆ, ಈ ವಿವರಣೆಗಳನ್ನೇ ಬರೆಸಿದೆ. ಮಕ್ಕಳಿಗೆ ಒಳ್ಳೆಯ ಅಂಕ ಬಂತು. ಆ ಮಕ್ಕಳಿಗೆ ನಾನು ಅನ್ಯಾಯ ಮಾಡಿದೆ ಅಂತ ಈಗ ಅನ್ನಿಸುತ್ತದೆ.

ಟೈಮ್ ಎಲ್ಲಿದೆ, ಪೋರ್ಷನ್ ಮುಗಿಯಬೇಕಲ್ಲ ಅನ್ನುತ್ತೀರಿ. ಹಿಂದಿನ ದೃಶ್ಯದ ಕತೆ ಹೇಳೋಕೆ ಹತ್ತು ನಿಮಿಷ ಸಾಕು. ವಿವರಣೆ ಬರೆಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಇದು ನಮ್ಮ ಮಕ್ಕಳಿಗೆ ಹೊಸದೂ ಅಲ್ಲ. ಯಕ್ಷಗಾನದಲ್ಲಿ ಅಭಿಮನ್ಯು ಕುಣಿಯುತ್ತಾ ಚಕ್ರವ್ಯೂಹಕ್ಕೆ ಹೊರಡುತ್ತಾನೆ. ಅವನು ವಾಪಸ್ ಬರಲ್ಲ ಅಂತ ಯಾರಿಗೆ ಗೊತ್ತಿಲ್ಲ? ಗೊತ್ತಿರೋದರಿಂದಲೇ ಆ ಕುಣಿತ ನೋಡೋಕಾಗಲ್ಲ. ಶೇಕ್ಸ್‌ಪಿಯರ್ ಕೂಡ ಶುರುವಿನ 14 ಸಾಲುಗಳಲ್ಲೇ ಇಬ್ಬರೂ ಸಾಯುತ್ತಾರೆ ಅಂತ ಹೇಳಿಬಿಡುತ್ತಾನೆ. ಆಮೇಲೆ ಕತೆಯನ್ನು ಓಡಿಸುತ್ತಾನೆ. ಅವನಿಗೆ ಆಧಾರವಾದ ಆರ್ಥರ್ ಬ್ರೂಕ್‌ನ 1562ರ ಕಥನಕಾವ್ಯದಲ್ಲಿ ಇದು ತಿಂಗಳುಗಟ್ಟಲೆ ನಡೆಯುವ ಕತೆ. ಇವನು ಭಾನುವಾರದಿಂದ ಗುರುವಾರ ಬೆಳಗಿನೊಳಗೆ ಮುಗಿಸುತ್ತಾನೆ. ಯಾರಿಗೂ ನಿಂತು ಯೋಚಿಸೋಕೆ ಬಿಡುವಿಲ್ಲ. ಜೂಲಿಯೆಟ್ ಕುಡಿದದ್ದು ಸತ್ತಂತೆ ಕಾಣಿಸುವ ಔಷಧಿ ಅಷ್ಟೇ ಅನ್ನುವ ಗುಟ್ಟು ತಿಳಿಸುವ ಕಾಗದ ಕೂಡ, ಒಯ್ಯುವವನನ್ನು ಪ್ಲೇಗ್ ಶಂಕೆಯಿಂದ ಮನೆಯೊಳಗೆ ಕೂಡಿಹಾಕಿದ್ದಕ್ಕೆ, ರೋಮಿಯೋಗೆ ತಲುಪುವುದಿಲ್ಲ. ಗೋರಿಯಲ್ಲಿ ಅವನು ಅವಳ ಕೆನ್ನೆ, ತುಟಿ ಇನ್ನೂ ಕೆಂಪಗಿರೋದನ್ನು ನೋಡುತ್ತಾನೆ, ಬಾಯಿಬಿಟ್ಟು ಹೇಳುತ್ತಾನೆ. ಆದರೂ ವಿಷ ಕುಡಿಯುತ್ತಾನೆ. ಅಲ್ಲಿಗೆ ಬಂದಾಗ ಪ್ರತಿ ಸಲ ನನ್ನ ಕೈ ನಡುಗುತ್ತದೆ.

ನಿನ್ನೆ ನೋಟ್ಸ್ ಮುಚ್ಚಿಸಿ ಹಿಂದಿನ ದೃಶ್ಯದ ಕತೆ ಹೇಳಿದೆ. ಆಮೇಲೆ ಅದೇ ಪದ್ಯ ಓದು ಅಂದೆ. ನಕ್ಷತ್ರದ ಸಾಲಿಗೆ ಬಂದು ನಿಲ್ಲಿಸಿದಳು.

"ಅಯ್ಯೋ ಚಿಕ್ಕಮ್ಮ, ಯಾರಾದ್ರೂ ಹೋಗಿ ಅವಳಿಗೆ ಹೇಳಬಾರದಾ?"

ದಾದಿ ಬರುತ್ತಿದ್ದಾಳೆ, ರೋಮಿಯೋ ಹತ್ತಿ ಬರಲಿ ಅಂತ ತರಿಸಿದ ಹಗ್ಗದ ಏಣಿ ಹಿಡಿದುಕೊಂಡು, ಅಂದೆ.