ಡಬ್ಬಿಯ ಮೇಲೆ ಹೆಸರಿಲ್ಲ

ಯಾವ ಸೊಪ್ಪನ್ನು ಅರೆದರೆ ಬೆಣ್ಣೆಯಷ್ಟು ನುಣುಪಾದ, ಅಚ್ಚ ಬಿಳಿಯ ಮುಲಾಮು ಬರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ನನಗೆ ತಿಳಿಸಬೇಕು.

ಕಳೆದ ವಾರ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಸರದಿಗಾಗಿ ಕಾದು ಕುಳಿತಿದ್ದೆ. ನನಗಿಂತ ಮೊದಲು ಒಳಗೆ ಹೋದವರು ಐವತ್ತರ ಆಸುಪಾಸಿನ ರೈತರು. ಬಾಗಿಲು ತೆರೆದೇ ಇತ್ತು. ನಮ್ಮ ಕಡೆ ಗುಟ್ಟೆನ್ನುವುದು ಔಷಧಿಗಷ್ಟೇ ಇರುತ್ತದೆ, ರೋಗಿಗೆ ಇರುವುದಿಲ್ಲ. ಅವರು ಜೇಬಿನಿಂದ ಕುಂಕುಮದ ಭರಣಿಯಷ್ಟು ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡಬ್ಬಿಯ ಮೇಲೆ ಹೆಸರಿಲ್ಲ, ತಾರೀಖಿಲ್ಲ, ಒಂದು ಚೀಟಿಯೂ ಇಲ್ಲ. ಒಳಗೆ ಕರ್ಪೂರದ ವಾಸನೆಯ ಬಿಳಿ ಮುಲಾಮು. ಇದರಲ್ಲಿ ಏನೇನಿದೆ ಎಂದು ವೈದ್ಯೆ ಕೇಳಿದಾಗ ಅವರು ಕೊಟ್ಟ ಉತ್ತರ, "ಎಲ್ಲಾ ಸೊಪ್ಪೇ ಮೇಡಂ, ನಮ್ ಕಡೆ ಒಬ್ರು ಕೊಡ್ತಾರೆ." ಅಷ್ಟು ಹೊತ್ತಿಗೆ ಅವರು ಅಂಗಿಯ ತೋಳು ಮಡಚಿದ್ದರು. ಮೊಣಕೈಯ ಒಳಮಡಿಕೆಯಲ್ಲಿ ಚರ್ಮ ಎಷ್ಟು ತೆಳುವಾಗಿತ್ತೆಂದರೆ ರಕ್ತನಾಳಗಳು ಎದ್ದು ಕಾಣುತ್ತಿದ್ದವು, ಅವುಗಳ ಸುತ್ತ ನೇರಳೆ ಬಣ್ಣದ ಗೆರೆಗಳು ಮೂಡಿದ್ದವು. ಉರಿಯೂತ ತಗ್ಗಿಸುವ ತೀಕ್ಷ್ಣವಾದ ಸ್ಟೆರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದ ಚರ್ಮ ಹೇಗಿರುತ್ತದೆಂದು ಹೇಳಿಸಿಕೊಳ್ಳಲು ಚರ್ಮದ ಮೇಲೆ ಹೊಟ್ಟು ಏಳುವ ಸೋರಿಯಾಸಿಸ್‌ನ ನನ್ನಂಥ ಹಳೆಯ ರೋಗಿಗೆ ವೈದ್ಯರೇನೂ ಬೇಕಾಗಿಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ನಾಟಿ ಔಷಧಿಯ ವೈರಿಯಲ್ಲ. ಬೆಪ್ಪಾಲೆ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ, ಬಿಸಿಲಿನಲ್ಲಿಟ್ಟು, ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುವುದನ್ನು ನೋಡುವ ಸಂತೋಷವನ್ನು ನಾನೂ ಅನುಭವಿಸಿದ್ದೇನೆ, ಆ ಎಣ್ಣೆಯನ್ನು ಈಗಲೂ ಬಳಸುತ್ತೇನೆ. ಹೊಟ್ಟು ಮೆತ್ತಗಾಗುತ್ತದೆ, ಉರಿ ತಗ್ಗುತ್ತದೆ. ಅದರಲ್ಲಿ ಏನಿದೆ ಎಂದು ಯಾರು ಕೇಳಿದರೂ ಹೇಳಬಲ್ಲೆ: ಎಲೆ, ಎಣ್ಣೆ, ಬಿಸಿಲು. ನನ್ನ ತಕರಾರು ಆಯುರ್ವೇದ, ಸಿದ್ಧ, ಹೋಮಿಯೋಪಥಿಗಳ ಹೆಸರಿನ ಮೇಲಲ್ಲ. ಏನು ಹಚ್ಚುತ್ತಿದ್ದೇನೆ, ಏನು ನುಂಗುತ್ತಿದ್ದೇನೆ ಎಂದು ತಿಳಿಯುವ ಹಕ್ಕನ್ನು ರೋಗಿಯಿಂದ ಕಸಿದುಕೊಂಡು, ಆ ಗುಟ್ಟನ್ನೇ ಮದ್ದಿನ ಮಹಿಮೆಯೆಂದು ಮಾರುತ್ತಾರಲ್ಲ, ಅದರ ಮೇಲೆ.

ಸೋರಿಯಾಸಿಸ್ ಕಾಯಿಲೆಯ ಸ್ವಭಾವವೇ ಈ ಗುಟ್ಟಿನ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿದೆ. ಚರ್ಮದ ಜೀವಕೋಶ ಕೆಳಪದರದಲ್ಲಿ ಹುಟ್ಟಿ ಮೇಲೆ ಬಂದು ಉದುರುವುದಕ್ಕೆ ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಆ ಕೆಲಸ ಕೆಲವೇ ದಿನಗಳಲ್ಲಿ ಮುಗಿದು, ಹೊಟ್ಟು ಪದರ ಪದರವಾಗಿ ಕೂರುತ್ತದೆ. ಇದು ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಬಹಳ ಜನರಿಗೆ ಚಳಿಗಾಲದಲ್ಲಿ ಕೆರಳುತ್ತದೆ, ಬೇಸಿಗೆಯ ಬಿಸಿಲಿಗೆ ತಗ್ಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ನಾಟಿ ಔಷಧಿ ಕೊಡುವ ಪಂಡಿತರ ಬಳಿ ಹೋದವನಿಗೆ ಯುಗಾದಿಯ ಹೊತ್ತಿಗೆ ಕಡಿಮೆಯಾದರೆ ಕೀರ್ತಿ ಸೂರ್ಯನಿಗೆ ಹೋಗುವುದಿಲ್ಲ. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿಸಿಕೊಂಡವರ ಕಥೆಯೂ ಇದೇ: ಆ ಗುಳ್ಳೆಗಳು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಒಣಗುತ್ತವೆ, ಹೆಸರು ಮಾತ್ರ ಮಣ್ಣಿಗೆ. ಪಾಪ, ಹಚ್ಚಿದ್ದು ಮಣ್ಣೆಂದಾದರೂ ಅವರಿಗೆ ಗೊತ್ತಿರುತ್ತದೆ. ಹೆಸರಿಲ್ಲದ ಡಬ್ಬಿಯ ವಿಷಯದಲ್ಲಿ ಅದೂ ಇಲ್ಲ. ಸ್ಟೆರಾಯ್ಡ್ ಬೆರೆತ ಮುಲಾಮಿನಿಂದ ಬೇಗನೆ ಚರ್ಮ ತಿಳಿಯಾಗುತ್ತದೆ, ಊರೆಲ್ಲ ಕೊಂಡಾಡುತ್ತದೆ, ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಬಹುದು. ಅದೇ ವಸ್ತು ಪುಡಿಯ ರೂಪದಲ್ಲಿ ಹೊಟ್ಟೆಗೆ ಹೋಗುತ್ತಿದ್ದು ಥಟ್ಟನೆ ನಿಂತರೆ ಮೈತುಂಬ ಕೀವುಗುಳ್ಳೆ ಎದ್ದು, ಜ್ವರ ಬಂದು, ಜೀವಕ್ಕೇ ಅಪಾಯವಾಗಬಹುದು. ಆಗ ಪಂಡಿತರ ಉತ್ತರ ಸಿದ್ಧವಾಗಿರುತ್ತದೆ: "ಒಳಗಿನ ನಂಜು ಹೊರಗೆ ಬರ್ತಾ ಇದೆ, ಬರಲಿ ಬಿಡಿ. ಬದನೆಕಾಯಿ ತಿಂದಿರಾ?" ತಿಂದಿದ್ದರೆ ತಪ್ಪು ರೋಗಿಯದು. ತಿನ್ನದಿದ್ದರೆ ಮೀನು, ಮೊಸರು, ಹುಳಿ ಇದ್ದೇ ಇವೆ.

ಇದು ನನ್ನ ಕಲ್ಪನೆಯಲ್ಲ, ನಮ್ಮ ದೇಶವೊಂದರ ರೋಗವೂ ಅಲ್ಲ. 1999ರಲ್ಲಿ ಇಂಗ್ಲೆಂಡಿನ ವೈದ್ಯರು, ತಮ್ಮ ಚರ್ಮರೋಗಿಗಳು ಬಳಸುತ್ತಿದ್ದ ಚೀನೀ ಗಿಡಮೂಲಿಕೆಯ 11 ಮುಲಾಮುಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ನೋಡಿದರು. 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇತ್ತು. ಅವುಗಳಲ್ಲಿ ಕೆಲವನ್ನು ಮಕ್ಕಳಿಗೂ ಕೊಡಲಾಗಿತ್ತು. ಸ್ಟೆರಾಯ್ಡ್‌ಗೆ ಹೆದರಿಯೇ ಗಿಡಮೂಲಿಕೆಯ ಮೊರೆಹೋದ ತಂದೆತಾಯಿಗಳು ಅವರಲ್ಲಿ ಎಷ್ಟು ಮಂದಿ ಇದ್ದರೋ ಎಂದು ಯೋಚಿಸಿದರೆ ನನಗೆ ನಗು ಬರುವುದಿಲ್ಲ.

"ಹೇಳಿಬಿಟ್ಟರೆ ಮದ್ದಿನ ಶಕ್ತಿ ಹೋಗುತ್ತದೆ" ಎನ್ನುವವರಿಗೆ ಬಾವಂಚಿಯ ಕಥೆಯನ್ನು ಹೇಳಬೇಕು. ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಒಡ್ಡುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಅದರಲ್ಲಿರುವ ಸೋರಾಲೆನ್ ಎಂಬ ವಸ್ತುವನ್ನು ಗುರುತಿಸಿದರು, ಎಷ್ಟು ಪ್ರಮಾಣಕ್ಕೆ ಎಷ್ಟು ಬೆಳಕು ಬೇಕೆಂದು ಅಳೆದರು, ಹೆಚ್ಚಾದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆಂಬುದನ್ನೂ ಬರೆದಿಟ್ಟರು. 1970ರ ದಶಕದಲ್ಲಿ ಅದೇ ಜಾತಿಯ ವಸ್ತುವನ್ನು ನುಂಗಿಸಿ ನೇರಳಾತೀತ ಕಿರಣಕ್ಕೆ ಒಡ್ಡುವ ಪೂವಾ ಚಿಕಿತ್ಸೆ ಸೋರಿಯಾಸಿಸ್‌ಗೂ ಬಂತು. ಗುಟ್ಟು ಬಯಲಾದದ್ದರಿಂದ ಬಾವಂಚಿಯ ಶಕ್ತಿ ಹೋಗಲಿಲ್ಲ. ಹೋದದ್ದು ಅದನ್ನು ತಾನೊಬ್ಬನೇ ಬಲ್ಲೆ ಎನ್ನುವವನ ಗತ್ತು.

ಇಲ್ಲಿಗೆ ಬರುವಷ್ಟರಲ್ಲಿ ಕೆಲವು ಗೆಳೆಯರು ಕುದಿಯುತ್ತಿರುತ್ತಾರೆಂದು ಬಲ್ಲೆ. ಇಂಗ್ಲಿಷ್ ಔಷಧಿಯಲ್ಲಿ ಸ್ಟೆರಾಯ್ಡ್ ಇಲ್ಲವೇ, ಮೆಡಿಕಲ್ ಶಾಪಿನವರು ಕಜ್ಜಿಗೂ ಗಜಕರ್ಣಕ್ಕೂ ಒಂದೇ ಟ್ಯೂಬ್ ಕೊಡುವುದಿಲ್ಲವೇ, ಎರಡು ನಿಮಿಷವೂ ಮಾತನಾಡದ ಡಾಕ್ಟರುಗಳಿಲ್ಲವೇ? ಇದ್ದಾರೆ. ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಸರ್ಕಾರ 2018ರಲ್ಲಿ ಬಿಗಿ ಮಾಡಬೇಕಾಗಿ ಬಂದದ್ದೇ ಅವುಗಳ ದುರ್ಬಳಕೆಯಿಂದ. ಆದರೆ ಆ ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಎಂದೋ ಏನೋ ಸ್ಟೆರಾಯ್ಡಿನ ಹೆಸರು ಮುದ್ರಿಸಿರುತ್ತದೆ, ಮುಂದಿನ ವೈದ್ಯರು ಓದಿಕೊಳ್ಳುತ್ತಾರೆ. ಡಾಕ್ಟರು ಸಿಡುಕಿದರು ಎಂಬ ಕಾರಣಕ್ಕೆ ಡಬ್ಬಿಯ ಮೇಲೆ ಚೀಟಿ ತಾನಾಗಿ ಹುಟ್ಟಿಕೊಳ್ಳುವುದಿಲ್ಲವಲ್ಲ.

ಹಾಗೆಂದು ಪಂಡಿತರ ಬಳಿ ಹೋಗುವವರನ್ನು ನಾನು ಹೀಗಳೆಯಲಾರೆ. ಹೊಟ್ಟು ಕಾಣಬಾರದೆಂದು ನಾನು ಕಪ್ಪು ಅಂಗಿ ತೊಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಕ್ಷೌರದಂಗಡಿಯಲ್ಲಿ "ಇದು ಅಂಟುತ್ತಾ ಸಾರ್?" ಎಂದು ಕೇಳಿಸಿಕೊಂಡು, ಅಂಟುವುದಿಲ್ಲವಪ್ಪ ಎಂದು ಕನ್ನಡಿಯಲ್ಲಿ ನಗುತ್ತ ಹೇಳುವ ಅಭ್ಯಾಸವೂ ಆಗಿದೆ. ಆಸ್ಪತ್ರೆಯಲ್ಲಿ ಯಾರೂ ನನಗೆ "ಬೇರುಸಹಿತ ಕಿತ್ತು ಹಾಕುತ್ತೇನೆ" ಎಂದದ್ದಿಲ್ಲ, ಹತೋಟಿಯಲ್ಲಿಡಬಹುದು ಎಂದಷ್ಟೇ ಹೇಳಿದ್ದಾರೆ. ನಿಜ ಹೇಳುವವರ ಮುಂದೆ ಕೂತು ಬೇಸರವಾಗುತ್ತದೆ. ಆ ರೈತರು ಪಂಡಿತರ ಬಗ್ಗೆ ಮಾತನಾಡುವಾಗ ಅವರ ಮುಖದಲ್ಲಿದ್ದ ಭರವಸೆಯನ್ನು ಕಂಡು ನನಗೆ ಹೊಟ್ಟೆಕಿಚ್ಚೇ ಆಯಿತು.

ಭರವಸೆಯಿಂದ ಯಕೃತ್ತಿಗೆ ಪೆಟ್ಟು ಬೀಳುವುದಿಲ್ಲ, ಕಷಾಯದಿಂದ ಬೀಳಬಹುದು. ಸೋರಿಯಾಸಿಸ್ ಇರುವ ನಮ್ಮಲ್ಲಿ ಅನೇಕರು ಅದರ ಹತೋಟಿಗೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ನುಂಗುವವರು, ಯಕೃತ್ತು ಸರಿಯಿದೆಯೇ ಎಂದು ಆಗಾಗ ರಕ್ತಪರೀಕ್ಷೆ ಮಾಡಿಸುವವರು. ರಕ್ತ ಶುದ್ಧಿಗೆಂದು ಜೊತೆಗೆ ಅಮೃತಬಳ್ಳಿಯ ಕಷಾಯ ಕುಡಿದರೆ ಏನಾದೀತೆಂದು ಯೋಚಿಸುವವರು ಕಡಿಮೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳವಾದರೂ ಸಾಧ್ಯವಾದದ್ದು ಬಳ್ಳಿಗೆ ಒಂದು ಹೆಸರಿದ್ದುದರಿಂದ. ಹೆಸರಿಲ್ಲದ ಡಬ್ಬಿಯ ಬಗ್ಗೆ ಯಾವ ಸಚಿವಾಲಯ ಯಾರೊಡನೆ ಜಗಳವಾಡೀತು?

ಕಾನೂನಿಲ್ಲವೇ ಎಂದರೆ ಇದೆ. ಅಂಗಡಿಯಲ್ಲಿ ಮಾರುವ ಆಯುರ್ವೇದ ಔಷಧಿಯ ಮೇಲೆ ಅದರ ಘಟಕಗಳ ಪಟ್ಟಿ ಇರಲೇಬೇಕು. ಆದರೆ ಅದೇ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯು, ತಮ್ಮ ಸ್ವಂತ ರೋಗಿಗಳಿಗೆಂದು ಔಷಧಿ ತಯಾರಿಸುವ ವೈದ್ಯರಿಗೆ ಮತ್ತು ಹಕೀಮರಿಗೆ ತಯಾರಿಕೆಯ ನಿರ್ಬಂಧಗಳಿಂದ ವಿನಾಯಿತಿ ಕೊಟ್ಟಿದೆ. ಮನೆಯಂಗಳದಲ್ಲಿ ಬೇರು ತೇದು ಕೊಡುವ ಅಜ್ಜನನ್ನು ನೆನೆದು ಕೊಟ್ಟ ವಿನಾಯಿತಿ ಅದಿರಬೇಕು. ಈಗ ಅದರ ಮರೆಯಲ್ಲಿ ಕೊರಿಯರ್‌ನಲ್ಲಿ ಡಬ್ಬಿ ಕಳಿಸಿ ಫೋನ್‌ಪೇನಲ್ಲಿ ದುಡ್ಡು ಪಡೆಯುವವರೂ ನಿಂತಿದ್ದಾರೆ. ಔಷಧಿ ಮಾರುವುದಕ್ಕೆ ಅಷ್ಟು ಆಧುನಿಕರಾಗಬಲ್ಲವರು ಡಬ್ಬಿಗೆ ಒಂದು ಚೀಟಿ ಅಂಟಿಸಲು ಮಾತ್ರ ಋಷಿಗಳ ಕಾಲಕ್ಕೆ ಓಡುತ್ತಾರೆ.

ಇದನ್ನು ಓದಿದ ಮೇಲೂ ಪ್ರೀತಿಯಿಂದ ಯಾರಾದರೂ ಪಂಡಿತರ ನಂಬರ್ ಅನ್ನು ನನ್ನ ಮೆಸೆಂಜರ್‌ಗೆ ಕಳಿಸುವವರಿದ್ದೀರಿ. ಪ್ರತಿ ಸಲವೂ ಕಳಿಸುತ್ತೀರಿ. ಕಳಿಸಿ, ಬೇಸರವಿಲ್ಲ. ಜೊತೆಗೆ ಡಬ್ಬಿಯಲ್ಲಿ ಏನೇನಿದೆ ಎಂಬುದನ್ನು ಅವರಿಂದಲೇ ಬರೆಸಿ ಕಳಿಸಿ. ಬೆಪ್ಪಾಲೆ ಎಣ್ಣೆಯಾದರೆ ಬೇಡ, ಮನೆಯಲ್ಲಿದೆ.