ಟ್ರೇಡಿಂಗ್ ಲಾಭ: ಜಾಣತನದ್ದೋ, ಅದೃಷ್ಟದ್ದೋ?

ಪ್ರಶ್ನೆ: ಆಪ್ಶನ್ ಮಾರುವವರಿಗೆ ತಿಂಗಳುಗಟ್ಟಲೆ ಬರುವ ಲಾಭ ಬಹುಪಾಲು ಅದೃಷ್ಟವೇ?

ಪರ: ಹೌದು, ಕೆಟ್ಟ ದಿನ ಇನ್ನೂ ಬಂದಿಲ್ಲ ಅಷ್ಟೇ

ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಚಹಾದಂಗಡಿಗಳಲ್ಲಿ ಈಗ ಮಳೆ ಮತ್ತು ದ್ರಾಕ್ಷಿ ರೇಟಿನ ಜೊತೆಗೆ ಷೇರುಪೇಟೆಯ ಸೂಚ್ಯಂಕ ನಿಫ್ಟಿಯ ಮಾತೂ ಕೇಳಿಸುತ್ತದೆ. ಪೊಲೀಸ್ ನೇಮಕಾತಿಗೆ, ಕೆಪಿಎಸ್‌ಸಿಗೆ ಓದಲು ಬಂದ ಹುಡುಗರು ಮೊಬೈಲ್ ತೆಗೆದು ಹಸಿರು ಅಂಕಿ ತೋರಿಸುತ್ತಾರೆ. "ನೋಡ್ರಿ ಅಣ್ಣಾರ, ಈ ತಿಂಗಳೂ ಪ್ಲಸ್ಸೇ." ಅವರು ಸುಳ್ಳು ಹೇಳುತ್ತಿಲ್ಲ. ಲಾಭ ನಿಜ. ಆದರೆ ಅದರಿಂದ ಅವರ ಜಾಣತನ ಸಾಬೀತಾಗುತ್ತದೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ.

ಆಪ್ಶನ್ ಅಂದರೆ ಮುಂದಿನ ಒಂದು ದಿನದವರೆಗೆ ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು. ಅದನ್ನು ಮಾರಿದವನಿಗೆ ಅದರ ಬೆಲೆ, ಅಂದರೆ ಪ್ರೀಮಿಯಂ, ಮೊದಲೇ ಕೈಗೆ ಬರುತ್ತದೆ. ಪೇಟೆ ಶಾಂತವಾಗಿದ್ದರೆ ಆ ದುಡ್ಡು ಅವನದೇ. ಪೇಟೆ ಹೆಚ್ಚಿನ ವಾರಗಳಲ್ಲಿ ಶಾಂತವಾಗಿಯೇ ಇರುತ್ತದೆ. ಜೋರಾಗಿ ಅಲುಗಾಡಿದ ದಿನ ಮಾತ್ರ ಪ್ರೀಮಿಯಂನ ಹತ್ತಾರು ಪಟ್ಟು ಕೈಬಿಡುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಬ್ಬ ತಿಂಗಳಿಗೆ 5,000 ರೂಪಾಯಿ ಗಳಿಸುತ್ತಾನೆ. ಸರಾಸರಿ 60 ತಿಂಗಳಲ್ಲಿ ಒಂದು ತಿಂಗಳು ಮಾತ್ರ ಕೆಟ್ಟದ್ದು, ಆಗ 4 ಲಕ್ಷ ಹೋಗುತ್ತದೆ. 59 ತಿಂಗಳ ಗಳಿಕೆ 2,95,000. ಕಳೆದರೆ 1,05,000 ನಷ್ಟ. ಅಂದರೆ ಈ ವ್ಯಾಪಾರವೇ ನಷ್ಟದ್ದು. ಈಗ ಇಂಥ 100 ಜನ ಒಟ್ಟಿಗೆ, ಒಬ್ಬೊಬ್ಬರೂ ಬೇರೆ ಬೇರೆಯಾಗಿ ಶುರು ಮಾಡಿದರು ಅನ್ನಿ. ಮೂರು ವರ್ಷ ಕಳೆದ ಮೇಲೂ ಅವರಲ್ಲಿ ಸುಮಾರು 55 ಜನರಿಗೆ ಆ ಕೆಟ್ಟ ತಿಂಗಳು ಬಂದೇ ಇರುವುದಿಲ್ಲ. ಒಂದು ತಿಂಗಳೂ ಸೋಲದ ದಾಖಲೆ ಅವರ ಕೈಯಲ್ಲಿರುತ್ತದೆ. ಕ್ಲಾಸ್ ತೆಗೆಯುವವರು, ಟೆಲಿಗ್ರಾಂ ಗುಂಪು ನಡೆಸುವವರು ಹುಟ್ಟುವುದು ಆ 55 ಜನರ ನಡುವಿನಿಂದಲೇ. ಉಳಿದ 45 ಜನ ಸುಮ್ನೆ ಮನೆಗೆ ಹೋಗಿರುತ್ತಾರೆ. ಸೋತವನ ಸ್ಕ್ರೀನ್‌ಶಾಟ್ ಯಾರೂ ಹಂಚಿಕೊಳ್ಳುವುದಿಲ್ಲ, ಅಲ್ವಾ?

2024ರ ಜೂನ್ ಮೊದಲ ವಾರ ನೆನಪಿಸಿಕೊಳ್ಳಿ. ಮತಗಟ್ಟೆ ಸಮೀಕ್ಷೆ ನೋಡಿ ಜೂನ್ 3ರಂದು ನಿಫ್ಟಿ ಶೇ 3ಕ್ಕಿಂತ ಜಾಸ್ತಿ ಏರಿ 23,263ಕ್ಕೆ ಮುಗಿಯಿತು. ಮರುದಿನ, ಮಂಗಳವಾರ, ಚುನಾವಣಾ ಫಲಿತಾಂಶ. ಒಂದು ಹಂತದಲ್ಲಿ ಸೂಚ್ಯಂಕ 21,300ಕ್ಕಿಂತ ಕೆಳಗಿಳಿಯಿತು, ದಿನದ ಕೊನೆಗೆ ಶೇ 5.9ರಷ್ಟು ಬಿದ್ದು 21,884ಕ್ಕೆ ನಿಂತಿತು. ಜೂನ್ 6, ಗುರುವಾರ, ವಾರದ ಎಕ್ಸ್‌ಪೈರಿ, ಅಂದರೆ ಆ ವಾರದ ಆಪ್ಶನ್‌ಗಳ ಕೊನೆಯ ದಿನ. ಆ ದಿನ ಅದು ಮತ್ತೆ 22,800 ದಾಟಿತ್ತು. ಫಲಿತಾಂಶದ ಹಿಂದಿನ ದಿನ 22,000ದ ಪುಟ್ (ನಿಫ್ಟಿ 22,000ಕ್ಕಿಂತ ಕೆಳಗಿಳಿದರೆ ಮಾರಿದವನು ಕೊಂಡವನಿಗೆ ದುಡ್ಡು ಕೊಡಬೇಕಾದ ಆಪ್ಶನ್) ಮಾರಿದ್ದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನ ಖಾತೆಯಲ್ಲಿ ದುಡ್ಡಿತ್ತು, ತಡೆದುಕೊಂಡ, ಗುರುವಾರ ಪೂರ್ತಿ ಪ್ರೀಮಿಯಂ ಉಳಿಸಿಕೊಂಡ. ಇನ್ನೊಬ್ಬನಿಗೆ ಮಂಗಳವಾರ ಮಧ್ಯಾಹ್ನ ಮಾರ್ಜಿನ್, ಅಂದರೆ ಬ್ರೋಕರ್ ಕೇಳುವ ಜಾಮೀನು ದುಡ್ಡು, ತುಂಬಲು ಆಗಲಿಲ್ಲ. ಬ್ರೋಕರ್ ಅವನ ವ್ಯವಹಾರವನ್ನು ನಷ್ಟದಲ್ಲೇ ಮುಚ್ಚಿಬಿಟ್ಟ. ಇಬ್ಬರ ಅಂದಾಜೂ ಒಂದೇ, ಆಟವೂ ಒಂದೇ. ಮೊದಲನೆಯವನು ಇವತ್ತು ಗುರು ಅನ್ನಿಸಿಕೊಂಡಿದ್ದರೆ ಅದು ಯಾವ ವಿದ್ಯೆಯ ಫಲ?

ಕೆಲವು ಅಪಾಯಗಳಂತೂ ಯಾರ ಲೆಕ್ಕದಲ್ಲೂ ಇರುವುದಿಲ್ಲ. 2020ರ ಏಪ್ರಿಲ್ 20ರಂದು, ಲಾಕ್‌ಡೌನ್ ಕಾಲದಲ್ಲಿ, ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ಸಂಜೆ 5ಕ್ಕೇ ಬಾಗಿಲು ಹಾಕುತ್ತಿತ್ತು. ಕಚ್ಚಾ ತೈಲ ಇನ್ನೆಷ್ಟು ಬಿದ್ದೀತು, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲವಲ್ಲ ಎಂದು ಅದರ ಫ್ಯೂಚರ್ಸ್ (ಮುಂದಿನ ದಿನಕ್ಕೆ ಈಗಲೇ ಬೆಲೆ ಕಟ್ಟುವ ಕರಾರು) ಕೊಂಡವರಿದ್ದರು. ಆ ರಾತ್ರಿ ಅಮೆರಿಕದಲ್ಲಿ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗಿಳಿಯಿತು. ಇಲ್ಲಿ ಲೆಕ್ಕ ಚುಕ್ತಾ ಆಗಿದ್ದು ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಗೆ. ಒಂದು ಲಾಟ್ ಅಂದರೆ 100 ಬ್ಯಾರೆಲ್. ಕೊಟ್ಟು ಕೊಂಡ ದುಡ್ಡು ಹೋಯಿತು, ಅದರ ಮೇಲೆ ಲಾಟಿಗೆ 2,88,400 ರೂಪಾಯಿ ಬಾಕಿ ಬಿತ್ತು.

ಇದು ಮುಂಬೈನವರ ಚಿಂತೆ ಎಂದು ಬಿಡುವಂತಿಲ್ಲ. ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫ್ಯೂಚರ್ಸ್ ಮತ್ತು ಆಪ್ಶನ್ಸ್ ಆಡುವ ವ್ಯಕ್ತಿಗಳಲ್ಲಿ ಶೇ 72ಕ್ಕಿಂತ ಹೆಚ್ಚು ಜನ ದೇಶದ ಮೊದಲ 30 ನಗರಗಳ ಆಚೆಯವರು. ಅಂದರೆ ನಮ್ಮಂಥ ಊರಿನವರು. ಮುಕ್ಕಾಲು ಪಾಲು ಜನ ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು. ಮೂರು ವರ್ಷದಲ್ಲಿ ಶೇ 93 ಮಂದಿ ಸೋತರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು. ಉಳಿದ ಶೇ 7ರಲ್ಲಿ ಎಷ್ಟು ಜನರಿಗೆ ಕೆಟ್ಟ ತಿಂಗಳು ಮುಂದೆ ಕಾದಿದೆಯೋ! ಹಸಿರು ಅಂಕಿ ತೋರಿಸುವ ತಮ್ಮನಿಗೆ ಎಷ್ಟು ಗಳಿಸಿದೆ ಎಂದು ಕೇಳಬೇಡಿ. ನಾಳೆ ನಿಫ್ಟಿ ಶೇ 6ರಷ್ಟು ಬಿದ್ದರೆ ಎಷ್ಟು ಹೋಗುತ್ತದೆ ಎಂದು ಕೇಳಿ.

ವಿರೋಧ: ಇಲ್ಲ, ಅದೃಷ್ಟ ಎಂದುಕೊಂಡವರೇ ಮತ್ತೆ ಮತ್ತೆ ಸೋಲುತ್ತಾರೆ

ಶೇ 93 ಎಂಬ ಅಂಕಿಯನ್ನೇ ನಾನೂ ಹಿಡಿಯುತ್ತೇನೆ. ಬರೀ ಅದೃಷ್ಟದ ಆಟವಾಗಿದ್ದರೆ, ಖರ್ಚು ಬಿಟ್ಟು, ಸೋಲು ಗೆಲುವು ಎಲ್ಲ ಬಗೆಯವರಿಗೂ ಹೆಚ್ಚುಕಡಿಮೆ ಒಂದೇ ಥರ ಹಂಚಿಹೋಗಬೇಕಿತ್ತು. ಹಾಗಾಗಿಲ್ಲ. ಅದೇ ಸೆಬಿ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿದೆ. 2023-24ರಲ್ಲಿ, ವಹಿವಾಟಿನ ಖರ್ಚು ಸೇರಿಸದೆಯೇ, ವ್ಯಕ್ತಿಗಳು ಮತ್ತು ಇತರರು 61,000 ಕೋಟಿಗೂ ಹೆಚ್ಚು ಕಳೆದುಕೊಂಡರು. ಸ್ವಂತ ದುಡ್ಡಿನಲ್ಲಿ ಆಡುವ ಟ್ರೇಡಿಂಗ್ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಗಳಿಸಿದರು. ಆ ಲಾಭದ ಶೇ 95ಕ್ಕೂ ಹೆಚ್ಚು ಪಾಲು ಕಂಪ್ಯೂಟರ್ ಪ್ರೋಗ್ರಾಂ ಇಟ್ಟು ಆಡಿದವರದು. ದುಡ್ಡು ಹೀಗೆ ಒಂದೇ ದಿಕ್ಕಿಗೆ ಹರಿದಿದ್ದನ್ನು ಅದೃಷ್ಟ ಎನ್ನಲು ಬರುತ್ತದೆಯೇ? ತಿಳಿದವರು ತಿಳಿಯದವರಿಂದ ಗೆದ್ದಿದ್ದಾರೆ. ಇದು ಕಹಿ ಮಾತು. ಆದರೆ ಇದನ್ನು ಮರೆಮಾಚಿ ನಮ್ಮ ಹುಡುಗರಿಗೆ ಒಳ್ಳೆಯದು ಮಾಡಲಾರೆವು.

ಜೂನ್ 4ರ ಆ ಇಬ್ಬರ ವಿಷಯ. ಅವರ ಆಟ ಒಂದೇ ಎಂಬುದನ್ನು ನಾನು ಒಪ್ಪುವುದಿಲ್ಲ. ಒಬ್ಬ ಖಾತೆಯಲ್ಲಿ ದುಡ್ಡು ಉಳಿಸಿ ಸಣ್ಣದಾಗಿ ಆಡಿದ್ದ, ಇನ್ನೊಬ್ಬ ಇದ್ದಷ್ಟೂ ಮಾರ್ಜಿನ್‌ಗೆ ಕಟ್ಟಿದ್ದ. ಎಷ್ಟು ಆಡಬೇಕು ಎಂಬ ಆ ತೀರ್ಮಾನವೇ ಇಲ್ಲಿನ ಮೊದಲ ವಿದ್ಯೆ. ಫಲಿತಾಂಶದ ದಿನ ಪೇಟೆ ಅಲುಗಾಡುತ್ತದೆ ಎಂದು ತಿಂಗಳ ಮೊದಲೇ ಎಲ್ಲರಿಗೂ ಗೊತ್ತಿತ್ತು. ಅದನ್ನು ಅಡಗಿದ ಅಪಾಯ ಎಂದು ಕರೆಯುವುದು ಹೇಗೆ? 22,000ದ ಪುಟ್ ಮಾರಿದವನು 21,500ರ ಪುಟ್ ಕೊಂಡಿಟ್ಟಿದ್ದರೆ ಲಾಭ ಸ್ವಲ್ಪ ಇಳಿಯುತ್ತಿತ್ತು. ಆದರೆ ಪೇಟೆ ಪಾತಾಳಕ್ಕೆ ಹೋದರೂ ನಷ್ಟ 500 ಪಾಯಿಂಟ್ ದಾಟುತ್ತಿರಲಿಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರನ್ನು ನೋಡಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಅಕಾಲಿಕ ಮಳೆ ಬಂದರೆ ದಾವಣಿ ರೋಗ. ಒಣಗಿಸಲು ಹಾಕಿದಾಗ ಮಳೆ ಬಂದರೆ ಒಣದ್ರಾಕ್ಷಿಯ ಬಣ್ಣವೇ ಕೆಡುತ್ತದೆ. ಮಳೆ ಅವರ ಕೈಯಲ್ಲಿಲ್ಲ. ಆದರೂ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುತ್ತಾರೆ, ಔಷಧಿ ಹೊಡೆಯುವ ಹೊತ್ತು ನೋಡುತ್ತಾರೆ, ಹಣ್ಣಿನ ರೇಟು ಬಿದ್ದರೆ ಒಣಗಿಸುತ್ತಾರೆ, ಒಣದ್ರಾಕ್ಷಿ ರೇಟೂ ಬಿದ್ದರೆ ಶೀತಲಗೃಹದಲ್ಲಿಟ್ಟು ಕಾಯುತ್ತಾರೆ. ಇಪ್ಪತ್ತು ವರ್ಷ ತೋಟ ಉಳಿಸಿಕೊಂಡ ರೈತನಿಗೆ "ನಿಮ್ಮದು ನಸೀಬು" ಎಂದು ಹೇಳುವ ಧೈರ್ಯ ನನಗಿಲ್ಲ. ಅಪಾಯದ ಜೊತೆ ಬಾಳುವುದನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆ ಅರಿವನ್ನು ಮೊಬೈಲಿನ ಪೇಟೆಗೆ ಒಯ್ಯುವ ದಾರಿ ಮಾತ್ರ ಇಲ್ಲ.

ಅದೃಷ್ಟ ಎನ್ನುವ ಮಾತಿಗೆ ನನ್ನ ದೊಡ್ಡ ಆಕ್ಷೇಪ ಇನ್ನೊಂದಿದೆ. ಸೋತವನು ಅದನ್ನು ಸಮಾಧಾನವಾಗಿ ಬಳಸುತ್ತಾನೆ. "ಈ ಸಲ ಟೈಮ್ ಸರಿ ಇರಲಿಲ್ಲ" ಎಂದು ಮತ್ತೆ ದುಡ್ಡು ಹಾಕುತ್ತಾನೆ. ಸತತ ವರ್ಷಗಳಲ್ಲಿ ನಷ್ಟವಾದರೂ ಶೇ 75ಕ್ಕಿಂತ ಹೆಚ್ಚು ಜನ ಆಟ ಬಿಡಲಿಲ್ಲ ಎಂದು ಸೆಬಿ ಹೇಳಿದೆ. ಕಾಲ ಕೂಡಿಬಂದೀತು ಎಂಬ ನಂಬಿಕೆ ಇರುವವರೆಗೆ ಬಿಡುವುದೂ ಇಲ್ಲ. "ನಿನಗೆ ಈ ಕೆಲಸ ಬರುವುದಿಲ್ಲ, ಎದುರಿಗಿರುವವನಿಗೆ ಬರುತ್ತದೆ" ಎಂದು ಮುಖಕ್ಕೆ ಹೇಳಿದರೆ ಆತ ಕಲಿಯಬಹುದು, ಇಲ್ಲವೇ ಬಿಡಬಹುದು.

ಬ್ರೋಕರ್ ಕಡೆ ಡೆರಿವೇಟಿವ್ಸ್ (ಫ್ಯೂಚರ್ಸ್, ಆಪ್ಶನ್ಸ್) ಆರ್ಡರ್ ಹಾಕುವ, ಮಾರಾಟ ನೋಡಿಕೊಳ್ಳುವ ಸಿಬ್ಬಂದಿ ಎನ್‌ಐಎಸ್‌ಎಂ ಎಂಬ ಸಂಸ್ಥೆಯ ಪರೀಕ್ಷೆ ಪಾಸಾಗಿರಬೇಕು. ದುಡ್ಡು ಹಾಕುವ ಹುಡುಗ ಮಾತ್ರ ಆದಾಯದ ದಾಖಲೆಯೊಂದನ್ನು ಅಪ್‌ಲೋಡ್ ಮಾಡಿ, ನಾಲ್ಕು ಕಡೆ ಟಿಕ್ ಹಾಕಿದರೆ ಸಾಕು. 2024ರ ನವೆಂಬರ್‌ನಿಂದ ಸೆಬಿ ಹೊಸ ಸೂಚ್ಯಂಕ ಕಾಂಟ್ರಾಕ್ಟ್‌ಗಳ ಕನಿಷ್ಠ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದೆ, ವಾರದ ಎಕ್ಸ್‌ಪೈರಿಗಳನ್ನೂ ಕಡಿಮೆ ಮಾಡಿದೆ. ಒಳ್ಳೆಯದೇ. ಆದರೆ ಬಾವಿಯ ಬೇಲಿ ಎತ್ತರ ಮಾಡಿದ್ದರಿಂದ ಯಾರಿಗೂ ಈಜು ಬರುವುದಿಲ್ಲ. ವಿಜಯಪುರದ ಕಾಮರ್ಸ್ ಕಾಲೇಜುಗಳಲ್ಲಿ ಪುಟ್ ಮಾರಿದವನ ನಷ್ಟ ಎಲ್ಲಿಯವರೆಗೆ ಹೋಗಬಹುದು ಎಂಬ ಒಂದೇ ಒಂದು ಲೆಕ್ಕವನ್ನು, ಕನ್ನಡದಲ್ಲಿ, ಬೋರ್ಡಿನ ಮೇಲೆ ಬಿಡಿಸಿ ತೋರಿಸಲಿ. ಅದಕ್ಕೆ ಸೆಬಿಯ ಅಪ್ಪಣೆಯೂ ಬೇಕಿಲ್ಲ, ಒಂದು ಗಂಟೆಗಿಂತ ಜಾಸ್ತಿ ಹೊತ್ತೂ ಬೇಕಿಲ್ಲ.