ಮೊದಲು ಕಿವಿ ಮುಂದೆ ಬೆರಳಿಡಿ

ನಿನ್ನೆ ಒಂದು ಕೇಸ್ ಚರ್ಚೆಗೆ ಹೋಗಿದ್ದೆ. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇತ್ತು, ಅದೊಂದೇ ಸಮಾಧಾನ. ಉಳಿದದ್ದೆಲ್ಲ ತಲೆಬಿಸಿ. ಮನೆಯಲ್ಲಿ ಕೇಳುವವರಿಲ್ಲ, ಆದ್ದರಿಂದ ನೀವು ಕೇಳಿ.

ಪ್ಲಾಸ್ಟಿಕ್ ಸರ್ಜರಿ ಓದಿ ಮುಗಿಸಿ ಎರಡು ವರ್ಷ ಆಗಿರಬಹುದಾದ ಹುಡುಗನೊಬ್ಬ ಸ್ಲೈಡ್ ತೋರಿಸುತ್ತಿದ್ದ. ಒಬ್ಬ ಹೆಂಗಸು. ಚಿಕ್ಕಂದಿನಲ್ಲಿ ನೆತ್ತಿ ಸುಟ್ಟು ಉಳಿದ ಕಲೆ, ಎಷ್ಟೋ ವರ್ಷದ ಮೇಲೆ ಹುಣ್ಣಾಗಿ, ಕ್ಯಾನ್ಸರ್ ಆಗಿದೆ. ತೆಗೆದಾಗ ಮೂಳೆಯ ಮೇಲಿನ ಪೊರೆಯೂ ಹೋಗಿದೆ. ಬರೀ ಬುರುಡೆ. ಅದರ ಮೇಲೆ ತೊಡೆಯ ತೆಳು ಚರ್ಮ ಹಚ್ಚಿದರೆ ಹಿಡಿಯುವುದಿಲ್ಲ, ಏಕೆಂದರೆ ಅದಕ್ಕೆ ಅಲ್ಲಿ ರಕ್ತ ಕೊಡುವವರಿಲ್ಲ. ಹಾಗಾಗಿ ಬೆನ್ನಿನ ಸ್ನಾಯುವನ್ನು ಅದರ ರಕ್ತನಾಳದ ಸಮೇತ ತಂದು, ತಲೆಯ ಹತ್ತಿರದ ಇನ್ನೊಂದು ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯಬೇಕು. ಇಲ್ಲಿಯವರೆಗೆ ಹುಡುಗ ಮಾಡಿದ್ದೆಲ್ಲ ಸರಿ.

ಹೊಲಿಯುವುದು ಯಾವುದಕ್ಕೆ? ಅಲ್ಲೇ ನನ್ನ ಜಗಳ.

ಕಿವಿಯ ಮುಂದೆ ಬೆರಳಿಟ್ಟು ನೋಡಿ. ಟಕ್ ಟಕ್ ಅನ್ನುತ್ತೆ ಅಲ್ವಾ? ಅದು ಸೂಪರ್‌ಫಿಷಿಯಲ್ ಟೆಂಪೊರಲ್ ಆರ್ಟರಿ, ನೆತ್ತಿಗೆ ರಕ್ತ ತರುವ ನಾಳ. ಕೆನ್ನೆಯ ಮೂಳೆ ದಾಟಿ ಮೇಲೆ ಹೋಗಿ ಎರಡಾಗಿ ಕವಲೊಡೆಯುತ್ತದೆ. ಆ ಮೂಳೆಯ ಮಟ್ಟದಲ್ಲಿ ಸುಮಾರು 2 ಮಿಲಿಮೀಟರ್ ದಪ್ಪ. ನಮಗೆ ಅಷ್ಟು ಧಾರಾಳ ಸಾಕು. ನೆತ್ತಿಗೆ ಇದಕ್ಕಿಂತ ಹತ್ತಿರದ ಒಳ್ಳೆ ನಾಳ ಬೇಕೇ?

ಹುಡುಗ ಏನೆಂದ ಗೊತ್ತಾ? “ಅದರ ವೇನ್ ನಂಬೋಕಾಗಲ್ಲ ಮೇಡಂ. ಅದಕ್ಕೆ ನೇರ ಕುತ್ತಿಗೆಗೇ ಹೋದೆವು.”

ವೇನ್ ಅಂದರೆ ರಕ್ತವನ್ನು ವಾಪಸ್ ಒಯ್ಯುವ ನಾಳ. ಕುತ್ತಿಗೆಯ ನಾಳಗಳೋ ದೂರ. ಬೆನ್ನಿನ ನಾಳ ಅಲ್ಲಿಗೆ ಮುಟ್ಟಲಿಲ್ಲ. ಸರಿ, ಕಾಲಿನಿಂದ ಉದ್ದ ವೇನ್ ತೆಗೆದು ನಡುವೆ ಸೇರಿಸಿದ್ದಾನೆ. ತೋಟಕ್ಕೆ ಪೈಪ್ ಎಳೆದವರಿಗೆ ಇದು ಬೇಗ ಅರ್ಥವಾಗುತ್ತೆ. ಗಿಡದ ಪಕ್ಕದಲ್ಲೇ ವಾಲ್ವ್ ಇದ್ದರೂ ಪಂಪ್‌ಹೌಸ್‌ನಿಂದ ಹೊಸ ಲೈನ್ ಎಳೆದ ಹಾಗೆ. ಆರ್ಟರಿಗೊಂದು, ವೇನ್‌ಗೊಂದು ಅಂತ ಎರಡು ಜೋಡಣೆಯಲ್ಲಿ ಮುಗಿಯುವುದು ನಾಲ್ಕಾಯಿತು. ಪ್ರತಿ ಜೋಡಣೆಯೂ ಗಡ್ಡೆ ಕಟ್ಟಬಹುದಾದ ಇನ್ನೊಂದು ಜಾಗ.

“ಕಿವಿ ಮುಂದೆ ಕೈ ಇಟ್ಟು ನೋಡಿದ್ರಾ?” ಅಂತ ಕೇಳಿದೆ. ಸಿಟಿ ಆಂಜಿಯೋ (ರಕ್ತನಾಳದ ಸ್ಕ್ಯಾನ್) ಸ್ಲೈಡ್ ಬಂತು. ಬಣ್ಣಬಣ್ಣದ್ದು. ನಾನು ಕೇಳಿದ್ದು ಬೆರಳಿನ ವಿಷಯ.

ಆ ವೇನ್‌ಗೆ ಕೆಟ್ಟ ಹೆಸರು ಇರುವುದು ನಿಜ. ಗೋಡೆ ತೆಳು, ಆರ್ಟರಿಯ ಜೊತೆಗೇ ಹೋಗುತ್ತದೆ ಅನ್ನುವ ಹಾಗಿಲ್ಲ, ಕೆಲವರಲ್ಲಿ ದಾರದಷ್ಟೇ ಸಣ್ಣ. ಆದರೆ ಅರ್ಧ ಕೆಟ್ಟ ಹೆಸರು ನಮ್ಮ ಕೈಯದು. ಅದು ಚರ್ಮದ ಕೆಳಗೇ ಮಲಗಿರುತ್ತದೆ. ಜೋರಾಗಿ ಚಾಕು ಎಳೆದರೆ ಮೊದಲ ಗೀರಿಗೇ ಹೋಯಿತು. ಆಮೇಲೆ ಆಪರೇಷನ್ ನೋಟ್ಸ್‌ನಲ್ಲಿ ಬರೆಯುತ್ತಾರೆ, ‘ವೇನ್ ಸಿಗಲಿಲ್ಲ’ ಅಂತ. ಸಿಗುವುದು ಹೇಗೆ, ಕೊಯ್ದು ಹಾಕಿದ ಮೇಲೆ?

ಯಂತ್ರದ ಬೆಲ್ಟಿಗೆ ಜಡೆ ಸಿಕ್ಕಿ ನೆತ್ತಿ ಕಿತ್ತು ಬಂದಾಗ ಆ ನಾಳಗಳೂ ಜಗ್ಗಿ ಹಾಳಾಗಿರಬಹುದು. ರೇಡಿಯೇಷನ್ ಆದ ಜಾಗ ಇರಬಹುದು. ಆಗ ಕುತ್ತಿಗೆಗೆ ಹೋಗಲೇಬೇಕು, ಯಾರು ಬೇಡ ಅಂದರು? ಈ ಹೆಂಗಸಿಗೆ ಇವೆರಡೂ ಇರಲಿಲ್ಲ. ನೋಡಿ ಬಿಡುವುದು ಬೇರೆ, ನೋಡದೇ ಬಿಡುವುದು ಬೇರೆ.

ಇಷ್ಟು ಹಾರಾಡುತ್ತೇನಲ್ಲ, ನಾನೇನು ಕಮ್ಮಿ ಇರಲಿಲ್ಲ. ಆ ಹುಡುಗನ ವಯಸ್ಸಿನಲ್ಲಿ ನಾನೂ ಹೀಗೇ ಕುತ್ತಿಗೆಗೆ ಓಡಿದ್ದೆ. ಚರ್ಮದ ಕೆಳಗೆ ಸುರಂಗ ಮಾಡಿ ಉದ್ದ ವೇನ್ ಹಾಯಿಸಿದೆ. ಎಲ್ಲೋ ಒಂದು ಸುತ್ತು ತಿರುಚಿಕೊಂಡಿತ್ತು. ಬೆಳಗಿನ ಜಾವ ಮೂರಕ್ಕೆ ಸಿಸ್ಟರ್ ಫೋನ್. ಹೋಗಿ ನೋಡಿದರೆ ಫ್ಲಾಪ್ (ತಂದು ಜೋಡಿಸಿದ ತುಂಡು) ನೇರಳೆ ಹಣ್ಣಿನ ಬಣ್ಣ. ಸೂಜಿ ಚುಚ್ಚಿದರೆ, ವಾಪಸ್ ಹೋಗಲಾರದೆ ನಿಂತ ಕಪ್ಪು ರಕ್ತ ಬಳಬಳ ಬಂತು. ಮೇಷ್ಟ್ರು ಬಂದರು, ಒಂದು ಮಾತೂ ಬೈಯಲಿಲ್ಲ (ಬೈದಿದ್ದರೆ ವಾಸಿ ಇತ್ತು). ಕಿವಿಯ ಮುಂದೆ ಬಿಡಿಸಿ, ವೇನ್ ಸಣ್ಣದಿದೆ ಅಂತ ನಾನು ಗೊಣಗಿದಾಗ, “ಒಂದು ಸೆಂಟಿಮೀಟರ್ ಕೆಳಗೆ ಹೋಗಮ್ಮ” ಅಂದರು. ಜೊಲ್ಲು ಗ್ರಂಥಿಯ ಕಡೆಗೆ ಇಳಿದ ಹಾಗೆ ವೇನ್ ದಪ್ಪ ಆಯಿತು. ಅಲ್ಲಿ ಹೊಲಿದೆವು. ಅರ್ಧ ಫ್ಲಾಪ್ ಉಳಿಯಿತು. ಇನ್ನರ್ಧ ನನ್ನ ಲೆಕ್ಕಕ್ಕೆ.

ಇನ್ನೊಂದು ವಿಷಯ. ದೇಹದ ಒಂದು ಕಡೆಯಿಂದ ಹೀಗೆ ತುಂಡು ತೆಗೆದು ಇನ್ನೊಂದು ಕಡೆ ಜೋಡಿಸುವ ವಿದ್ಯೆಯ ಮೊದಮೊದಲ ಕೇಸುಗಳಲ್ಲೊಂದು ನೆತ್ತಿಯದೇ. ಅಮೆರಿಕದ ಮ್ಯಾಕ್‌ಲೀನ್ ಮತ್ತು ಬಂಕಿ 1972ರಲ್ಲಿ ಪ್ರಕಟಿಸಿದ್ದು. ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ತಂದು ನೆತ್ತಿಗೆ ಹಾಕಿದರು. ಜೋಡಿಸಿದ್ದು ಯಾವುದಕ್ಕೆ? ಇದೇ ಕಿವಿ ಮುಂದಿನ ನಾಳಗಳಿಗೆ. ಅವರ ಹತ್ತಿರ ಬಣ್ಣದ ಸಿಟಿ ಇರಲಿಲ್ಲ.

“ಫ್ಲಾಪ್ ಉಳೀತಲ್ಲ ಮೇಡಂ” ಅಂದ ಹುಡುಗ ಕೊನೆಗೆ. ಉಳಿಯಿತಪ್ಪ, ಸಂತೋಷ. ಆ ಹೆಂಗಸಿನ ಕಾಲಲ್ಲೊಂದು, ಕುತ್ತಿಗೆಯಲ್ಲೊಂದು ಗೀರು ಸುಮ್ನೆ ಬಿತ್ತಲ್ಲ, ಅದಕ್ಕೇನು ಹೇಳುತ್ತೀಯ? ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಎದುರಿಗೆ ಹೋಳಿಗೆ ಇತ್ತು.

ಊಟ ಮುಗಿಸಿ ಕೈ ತೊಳೆಯಲು ಹೋದರೆ ಅವನು ಅಲ್ಲೇ ನಿಂತಿದ್ದ. ಕನ್ನಡಿ ನೋಡಿಕೊಂಡು ಕಿವಿಯ ಮುಂದೆ ಎರಡು ಬೆರಳು ಇಟ್ಟಿದ್ದ. ನನ್ನನ್ನು ಕಂಡ ಕೂಡಲೇ ಕ್ರಾಪು ಸರಿಮಾಡಿಕೊಂಡ.